ಫೋನ್ ಅಡಾಪ್ಟರ್ ರೂಟರ್‌ನ ನಂತರವೇ ಇರಲಿ, ಪೋರ್ಟ್ ತೆರೆಯೋದು ಬೇಡ

ಮಾನ್ಯ ಸಂಪಾದಕರೇ,

ಮನೆಯ ಇಂಟರ್‌ನೆಟ್‌ನಲ್ಲಿ ಹಳೇ ಟೆಲಿಫೋನನ್ನೇ ಬಳಸುವುದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಉಪಯೋಗದ ಬರಹವೇ. ಆದರೆ ಅದರ ಎರಡು ಸಲಹೆಗಳ ಬಗ್ಗೆ ನನ್ನ ತಕರಾರಿದೆ. ಹಳೇ ಫೋನನ್ನು ಇಂಟರ್‌ನೆಟ್‌ಗೆ ಜೋಡಿಸುವ ಅಡಾಪ್ಟರ್ ಡಬ್ಬಿಯನ್ನು ಮೋಡೆಮ್‌ಗೂ ರೂಟರ್‌ಗೂ ನಡುವೆ ಹಾಕಿ ಅನ್ನೋದು ಒಂದು. ಮಾತು ಸರಿಯಾಗಿ ಕೇಳಿಸದಿದ್ದರೆ ರೂಟರ್‌ನಲ್ಲಿ ಪೋರ್ಟ್ ತೆರೆಯಿರಿ (ಅಂದರೆ ಹೊರಗಿನಿಂದ ನೇರವಾಗಿ ಅಡಾಪ್ಟರ್‌ಗೆ ಬರಲು ಒಂದು ದಾರಿ ಬಿಡಿ), ಅದಕ್ಕೂ ಬಗ್ಗದಿದ್ದರೆ ಅಡಾಪ್ಟರನ್ನು ಡಿಎಂಜೆಡ್‌ಗೆ (ಅಂದರೆ ರೂಟರ್‌ನ ಕಾವಲೇ ಇಲ್ಲದ ಜಾಗಕ್ಕೆ) ಹಾಕಿಬಿಡಿ ಅನ್ನೋದು ಇನ್ನೊಂದು. ಅಡಾಪ್ಟರ್ ಡಬ್ಬಿಯಲ್ಲಿ ಬರುವ ಚೀಟಿಯಲ್ಲೂ ಎಷ್ಟೋ ಸಲ ಇದೇ ಇರುತ್ತದೆ. ಕಸ್ಟಮರ್ ಕೇರ್‌ನವರೂ ಇದನ್ನೇ ಒಪ್ಪಿಸುತ್ತಾರೆ. ಈಗಾಗಲೇ ಒಂದು ರೂಟರ್ ನೆಟ್ಟಗೆ ಓಡುತ್ತಿರುವ ಮನೆಗೆ ಈ ಎರಡೂ ಬೇಡ.

ಮೊದಲನೇ ಸಲಹೆ ಹುಟ್ಟಿದ್ದಕ್ಕೆ ಕಾರಣ ಇತ್ತು. ಜಿ.711 ಅನ್ನೋ ಮಾಮೂಲಿ ಕೋಡೆಕ್‌ನಲ್ಲಿ (ದನಿಯನ್ನು ಅಂಕಿಗಳಾಗಿ ಮಾಡುವ ರೀತಿ) ಒಂದು ಕರೆಯ ಮಾತು ಸೆಕೆಂಡಿಗೆ 64 ಕಿಲೋಬಿಟ್. ಅದನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್ ಮಾಡಿ ಕಳಿಸುತ್ತಾರೆ, ಪ್ರತಿಯೊಂದಕ್ಕೂ ಎಲ್ಲಿಗೆ ಹೋಗಬೇಕು ಅನ್ನೋ ತಲೆಬರಹ ಅಂಟುತ್ತದೆ, ಹಾಗಾಗಿ ಒಂದೊಂದು ದಿಕ್ಕಿಗೆ 80ಕ್ಕಿಂತ ಜಾಸ್ತಿಯೇ ಆಗುತ್ತದೆ. ಅಪ್‌ಲೋಡ್ 256 ಕಿಲೋಬಿಟ್ ಇದ್ದ ಡಿಎಸ್ಎಲ್ ಕಾಲದಲ್ಲಿ ಯಾರಾದರೂ ನಾಲ್ಕು ಫೋಟೋ ಮೇಲ್ ಮಾಡಿದರೆ ಸಾಕು, ಮಾತು ತುಂಡು ತುಂಡಾಗುತ್ತಿತ್ತು. ಅಡಾಪ್ಟರ್ ಮುಂದೆ ನಿಂತರೆ ಮಾತಿಗೆ ಮೊದಲು ದಾರಿ ಬಿಡುತ್ತಿತ್ತು. ಈಗ ಆ ಕಷ್ಟ ಕಡಿಮೆ. ಆದರೆ ಅಡಾಪ್ಟರ್ ಮಾತ್ರ ಇನ್ನೂ ಸಣ್ಣ ಸಾಮಾನೇ. ಎಷ್ಟೋ ಅಡಾಪ್ಟರ್‌ಗಳಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ 100 ಮೆಗಾಬಿಟ್‌ಗೆ ನಿಲ್ಲುತ್ತದೆ. ಅದನ್ನು ತಂದು ಬಾಗಿಲಲ್ಲಿ ಕೂರಿಸಿದರೆ ಇಡೀ ಮನೆಯ ಇಂಟರ್‌ನೆಟ್ ಅದರ ಮೂಲಕವೇ ತೂರಿ ಬರಬೇಕು, ಅದು ಅಪ್‌ಡೇಟ್ ಅಂತ ರೀಸ್ಟಾರ್ಟ್ ಆದಾಗೆಲ್ಲ ಎಲ್ಲರ ಕೆಲಸವೂ ನಿಲ್ಲಬೇಕು. ಯಾಕೆ ಬೇಕು?

ರೂಟರ್ ಆದ ಮೇಲೆ ಹಾಕೋದು ಇನ್ನೂ ಸುಲಭ. ರೂಟರ್‌ನ ಖಾಲಿ ಲ್ಯಾನ್ (ಮನೆಯ ಒಳಗಿನ ಕಡೆಯ) ಪೋರ್ಟ್‌ನಿಂದ ಒಂದು ಕೇಬಲ್, ಅದರ ಇನ್ನೊಂದು ತುದಿ ಅಡಾಪ್ಟರ್‌ನ ವ್ಯಾನ್ ಅಥವಾ ಇಂಟರ್‌ನೆಟ್ ಅಂತ ಬರೆದಿರುವ ಪೋರ್ಟ್‌ಗೆ. ಒಂದೇ ಪೋರ್ಟ್ ಇದ್ದರೆ ಯೋಚನೆಯೇ ಇಲ್ಲ. ಎರಡಿದ್ದರೆ ಸ್ವಲ್ಪ ನೋಡಿ ಹಾಕಬೇಕು. ಕೇಬಲ್ ಅಡಾಪ್ಟರ್‌ನ ಲ್ಯಾನ್ ಪೋರ್ಟ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿಂದ ಅಡಾಪ್ಟರ್ ತಾನೂ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಹಂಚುವುದಕ್ಕೆ ಶುರು ಮಾಡುತ್ತದೆ. ಮನೆಯ ಒಂದು ಫೋನ್‌ಗೆ ರೂಟರ್ ಕೊಟ್ಟ ಐಪಿ, ಇನ್ನೊಂದಕ್ಕೆ ಅಡಾಪ್ಟರ್ ಕೊಟ್ಟ ಐಪಿ. ಒಬ್ಬರಿಗೆ ಇಂಟರ್‌ನೆಟ್ ಬರುತ್ತದೆ, ಪಕ್ಕದಲ್ಲೇ ಕೂತವರಿಗೆ ಬರಲ್ಲ, ಬೈಗುಳ ಮಾತ್ರ ಇಂಟರ್‌ನೆಟ್ ಕೊಡುವ ಕಂಪನಿಗೆ. ಸರಿಯಾಗಿ ಹಾಕಿದ ಮೇಲೂ ಅಡಾಪ್ಟರ್‌ನ ಲ್ಯಾನ್ ಪೋರ್ಟ್ ಖಾಲಿಯೇ ಇರಲಿ. ಅಲ್ಲಿಗೆ ಕಂಪ್ಯೂಟರ್ ಹಾಕಿದರೆ ಅದು ಎರಡು ನ್ಯಾಟ್‌ಗಳ (ಒಳಗಿನ ಐಪಿಯನ್ನು ಹೊರಗಿನ ಐಪಿಗೆ ಬದಲಿಸುವ ವ್ಯವಸ್ಥೆ) ಹಿಂದೆ ಕೂರುತ್ತದೆ, ಮನೆಯ ಪ್ರಿಂಟರ್ ಅದಕ್ಕೆ ಕಾಣಿಸಲ್ಲ. ರೂಟರ್ ಮತ್ತು ಅಡಾಪ್ಟರ್ ಎರಡೂ 192.168.1 ಅಂತ ಶುರುವಾಗುವ ಐಪಿ ಸಾಲನ್ನೇ ಬಳಸುತ್ತಿದ್ದರಂತೂ ಯಾವುದು ಒಳಗೆ ಯಾವುದು ಹೊರಗೆ ಅಂತ ಅಡಾಪ್ಟರ್‌ಗೇ ತಿಳಿಯಲ್ಲ. ಆಗ ಅಡಾಪ್ಟರ್‌ನ ಒಳಗಿನ ಸಾಲನ್ನು ಬೇರೆ ಮಾಡಬೇಕು.

ಅಡಾಪ್ಟರ್‌ಗೆ ಯಾವ ಐಪಿ ಬಂದಿದೆ ಅಂತ ತಿಳಿಯೋದು ಹೇಗೆ? ಫೋನೇ ಹೇಳುತ್ತದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಲಿಂಕ್‌ಸಿಸ್ ಮತ್ತು ಸಿಸ್ಕೋದ ಎಸ್‌ಪಿಎ ಸರಣಿಯಲ್ಲಿ ರಿಸೀವರ್ ಎತ್ತಿ ನಾಲ್ಕು ಸಲ ಸ್ಟಾರ್ ಒತ್ತಿ, ಆಮೇಲೆ 110 ಮತ್ತು ಹ್ಯಾಶ್ ಒತ್ತಿದರೆ ಒಂದು ದನಿ ಐಪಿಯನ್ನು ಅಂಕಿ ಅಂಕಿಯಾಗಿ ಓದಿ ಹೇಳುತ್ತದೆ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಮೂರು ಸ್ಟಾರ್, ಆಮೇಲೆ 02. ಆ ಐಪಿಯನ್ನು ಬ್ರೌಸರ್‌ನಲ್ಲಿ ಹಾಕಿದರೂ ಪೇಜ್ ತೆರೆಯದಿದ್ದರೆ ಅಡಾಪ್ಟರ್ ಕೆಟ್ಟಿದೆ ಅಂತಲ್ಲ. ಎರಡು ಪೋರ್ಟ್‌ನ ಹಲವು ಮಾಡೆಲ್‌ಗಳಲ್ಲಿ ವ್ಯಾನ್ ಕಡೆಯಿಂದ ಸೆಟ್ಟಿಂಗ್ ಪೇಜ್ ಮುಚ್ಚಿರುತ್ತದೆ, ಅದನ್ನೂ ಫೋನ್‌ನ ಇದೇ ಮೆನುವಿನಿಂದ ತೆರೆಯಬಹುದು. ಒಳಗೆ ಹೋದ ತಕ್ಷಣ ಪಾಸ್‌ವರ್ಡ್ ಬದಲಾಯಿಸಿ.

ಈಗ ಪೋರ್ಟ್ ತೆರೆಯುವ ಸಲಹೆಗೆ ಬರುತ್ತೇನೆ. ನನ್ನ ಮುಖ್ಯ ಜಗಳ ಇರೋದು ಅದರ ಜೊತೆ.

ಆ ಸಲಹೆ ಕೊಡೋದು ಇಂಥ ತೊಂದರೆಗೆ: ಕರೆ ಬರುತ್ತದೆ, ಎತ್ತುತ್ತೀರಿ, ನಿಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರ ಮಾತು ನಿಮಗೆ ಕೇಳಿಸಲ್ಲ. ಇಲ್ಲವೇ ಎಲ್ಲ ಸರಿಯಾಗೇ ಕೇಳಿಸಿ, ಅರ್ಧ ನಿಮಿಷದ ಹೊತ್ತಿಗೆ ಟಕ್ ಅಂತ ಕಟ್ ಆಗುತ್ತದೆ. ಕರೆ ಜೋಡಿಸುವ ಮಾತುಕತೆ ನಡೆಯೋದು ಸಿಪ್ ಅನ್ನೋ ಪ್ರೋಟೋಕಾಲ್‌ನಲ್ಲಿ. ಅಡಾಪ್ಟರ್ ಕಳಿಸುವ ಸಿಪ್ ಪ್ಯಾಕೆಟ್ ಒಳಗೆ 'ದನಿಯನ್ನು ಈ ವಿಳಾಸಕ್ಕೆ ಕಳಿಸಿ' ಅಂತ ಬರೆದಿರುತ್ತದೆ. ಆ ವಿಳಾಸ 192.168 ಅಂತ ಶುರುವಾಗುವ ಮನೆಯೊಳಗಿನ ಐಪಿ. ಕಾಗದದಲ್ಲಿ ವಿಳಾಸ ಕೇಳಿದರೆ 'ನಡುಮನೆ' ಅಂತ ಬರೆದು ಕೊಟ್ಟ ಹಾಗೆ. ಹೊರಗಿನವರಿಗೆ ಅದರಿಂದ ಏನೂ ತಿಳಿಯಲ್ಲ. ಸೇವೆ ಕೊಡುವವರಿಗೆ ಇದು ಗೊತ್ತಿರುವ ವಿಷಯವೇ. ಆದ್ದರಿಂದ ಹೆಚ್ಚಿನವರ ಸರ್ವರ್ ಬರೆದದ್ದನ್ನು ನಂಬದೆ, ಪ್ಯಾಕೆಟ್ ಯಾವ ಕಡೆಯಿಂದ ಬಂತೋ ಆ ಕಡೆಗೇ ದನಿಯನ್ನು ವಾಪಸ್ ಕಳಿಸುತ್ತದೆ. ಅಲ್ಲಿಗೆ ಸಮಸ್ಯೆ ಮುಗಿಯಬೇಕು, ಅಲ್ವಾ?

ಮುಗಿಯಲ್ಲ. ಯಾಕೆಂದರೆ ರೂಟರ್ ನಡುವೆ ಮೂಗು ತೂರಿಸುತ್ತದೆ. ಸಿಪ್ ಎಎಲ್‌ಜಿ ಅಂತ ಒಂದು ಸೆಟ್ಟಿಂಗ್, ಎಷ್ಟೋ ರೂಟರ್‌ಗಳಲ್ಲಿ ಡಬ್ಬಿಯಿಂದಲೇ ಆನ್ ಆಗಿ ಬರುತ್ತದೆ. ಸಹಾಯ ಮಾಡಲಿ ಅಂತಲೇ ಇಟ್ಟದ್ದು. ಹಾದು ಹೋಗುವ ಸಿಪ್ ಪ್ಯಾಕೆಟ್ ಬಿಚ್ಚಿ ವಿಳಾಸ ತಿದ್ದುತ್ತದೆ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುತ್ತದೆ ಅಥವಾ ತಪ್ಪು ಪೋರ್ಟ್ ಬರೆಯುತ್ತದೆ. ಕರೆ ಎತ್ತಿದ ಮೇಲೆ ಬರಬೇಕಾದ ಖಾತ್ರಿಯ ಪ್ಯಾಕೆಟ್ ಹೀಗೆ ದಾರಿ ತಪ್ಪಿದರೆ, ಎತ್ತಿದ ಕಡೆಯ ಯಂತ್ರ 32 ಸೆಕೆಂಡ್ ಕಾದು ಕರೆ ಮುಗಿಸುತ್ತದೆ. ಈ 32 ಸೆಕೆಂಡ್ 2002ರ ಸಿಪ್ ನಿಯಮದಲ್ಲೇ ಇರುವ ಲೆಕ್ಕ. ಹಾಗಾಗಿ ಕರೆ ಪ್ರತಿ ಸಲ ಅರ್ಧ ನಿಮಿಷದ ಆಸುಪಾಸಿನಲ್ಲೇ ಕಟ್ ಆಗುತ್ತಿದ್ದರೆ ಇಂಟರ್‌ನೆಟ್ ಸ್ಪೀಡ್ ಅಳೆಯುತ್ತಾ ಕೂರಬೇಡಿ. ರೂಟರ್‌ನಲ್ಲಿ ನ್ಯಾಟ್, ಫೈರ್‌ವಾಲ್ ಅಥವಾ ಅಡ್ವಾನ್ಸ್ಡ್ ಅನ್ನೋ ಮೆನುಗಳಲ್ಲಿ ಹುಡುಕಿ ಸಿಪ್ ಎಎಲ್‌ಜಿ ಆಫ್ ಮಾಡಿ. ಕೆಲವರು ಅದಕ್ಕೆ ಸಿಪ್ ಹೆಲ್ಪರ್ ಅಂತಾರೆ. ಆಮೇಲೆ ರೂಟರ್ ಮತ್ತು ಅಡಾಪ್ಟರ್ ಎರಡನ್ನೂ ರೀಸ್ಟಾರ್ಟ್ ಮಾಡಿ.

ಇನ್ನೊಂದು ದೂರು: ನಾವು ಮಾಡಿದ ಕರೆ ಹೋಗುತ್ತದೆ, ಹೊರಗಿನಿಂದ ಬರೋದು ಮಾತ್ರ ಬರಲ್ಲ. ಅಡಾಪ್ಟರ್ ಹೊರಗೆ ಮಾತಾಡಿದಾಗ ರೂಟರ್ ಆ ದಾರಿಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಸಿಪ್ ಸಾಮಾನ್ಯವಾಗಿ ಬಳಸುವ ಯುಡಿಪಿ ಅನ್ನೋ ಸಾಗಣೆಯ ರೀತಿಗೆ ಈ ನೆನಪು ಕನಿಷ್ಠ 2 ನಿಮಿಷ ಇರಬೇಕು ಅಂತ 2007ರ ಶಿಫಾರಸು ಇದೆ, ಎಷ್ಟೋ ರೂಟರ್‌ಗಳು ಅದಕ್ಕೂ ಮೊದಲೇ ಮರೆತುಬಿಡುತ್ತವೆ. ಅಡಾಪ್ಟರ್ ಮಾತ್ರ 3600 ಸೆಕೆಂಡಿಗೊಮ್ಮೆ ಸರ್ವರ್‌ಗೆ 'ನಾನಿಲ್ಲಿದ್ದೇನೆ' ಅಂತ ರಿಜಿಸ್ಟರ್ ಮಾಡಿಕೊಂಡು ಸುಮ್ನೆ ಕೂತಿದ್ದರೆ ನಡುವೆ ಬಂದ ಕರೆಗೆ ಬಾಗಿಲು ಮುಚ್ಚಿರುತ್ತದೆ. ಅಡಾಪ್ಟರ್‌ನಲ್ಲಿ ನ್ಯಾಟ್ ಕೀಪ್ ಅಲೈವ್ (ರೂಟರ್ ದಾರಿ ಮರೆಯದ ಹಾಗೆ ಆಗಾಗ ಸಣ್ಣ ಪ್ಯಾಕೆಟ್ ಕಳಿಸುವ ಸೆಟ್ಟಿಂಗ್) ಆನ್ ಮಾಡಿ 20 ಸೆಕೆಂಡ್ ಅಂತ ಕೊಡಿ. ಸಾಕು.

ನೋಡಿ, ಇಷ್ಟರಲ್ಲಿ ಎಲ್ಲೂ ಪೋರ್ಟ್ ತೆರೆದಿಲ್ಲ. ತೆರೆದರೆ ಏನಾಗುತ್ತದೆ? 5060 ಸಿಪ್‌ನ ಮಾಮೂಲಿ ಪೋರ್ಟ್ ಅಂತ ಎಲ್ಲರಿಗೂ ಗೊತ್ತು, ಅದನ್ನೇ ತಟ್ಟಿ ನೋಡುತ್ತಾ ಇಂಟರ್‌ನೆಟ್ ತುಂಬಾ ಅಲೆಯುವ ಪ್ರೋಗ್ರಾಂಗಳಿಗೂ ಗೊತ್ತು. ನಡುರಾತ್ರಿ ಫೋನ್ ಹೊಡೆದುಕೊಳ್ಳುತ್ತದೆ. ಡಿಸ್‌ಪ್ಲೇಯಲ್ಲಿ 100 ಅಂತಲೋ 1001 ಅಂತಲೋ ನಂಬರ್. ಎತ್ತಿದರೆ ಯಾರೂ ಇಲ್ಲ. ಸೇವೆ ಕೊಡುವವರ ಲೆಕ್ಕದಲ್ಲಿ ಅಂಥ ಕರೆಯೇ ಇರಲ್ಲ, ಅದು ನೇರವಾಗಿ ಅಡಾಪ್ಟರ್‌ಗೇ ಬಂದದ್ದು. ಡಿಎಂಜೆಡ್‌ಗೆ ಹಾಕಿದರೆ ಇನ್ನೂ ಕೆಟ್ಟದ್ದು, ಸೆಟ್ಟಿಂಗ್ ಪೇಜ್ ಕೂಡ ಬೀದಿಗೆ ಬೀಳಬಹುದು. ಹಳೇ ಪಾಸ್‌ವರ್ಡೇ ಇದ್ದರೆ ನಿಮ್ಮ ಲೆಕ್ಕದಲ್ಲಿ ಬೇರೆ ಯಾರೋ ವಿದೇಶಕ್ಕೆ ಮಾತಾಡುತ್ತಾರೆ, ಬಿಲ್ ನಿಮಗೆ. ಇಷ್ಟೆಲ್ಲ ಮಾಡಿಯೂ, ನಿಮ್ಮ ರೂಟರ್‌ಗೆ ಹೊರಗಿನಿಂದ ಸಿಕ್ಕ ಐಪಿ 100.64ರಿಂದ 100.127ರ ಒಳಗಿನ ಸಾಲಿನದ್ದಾಗಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಇದ್ದೀರಿ, ಪೋರ್ಟ್ ತೆರೆದದ್ದು ದಂಡ. ಕೀಪ್ ಅಲೈವ್ ಆದರೆ ಅಲ್ಲೂ ಕೆಲಸ ಮಾಡುತ್ತದೆ. ಪೋರ್ಟ್ ತೆರೆಯದವರಿಗೆ ಅಡಾಪ್ಟರ್‌ಗೆ ಖಾಯಂ ಐಪಿ ಕೊಡುವ ತಲೆನೋವೂ ಇಲ್ಲ.

ಬರಹದಲ್ಲಿ ಬಿಟ್ಟುಹೋದದ್ದು ಇನ್ನೊಂದಿದೆ. ಅಡಾಪ್ಟರ್‌ನ ಫೋನ್ ಪೋರ್ಟನ್ನು ಗೋಡೆಯ ಹಳೇ ಟೆಲಿಫೋನ್ ಸಾಕೆಟ್‌ಗೆ ಸಿಕ್ಕಿಸಿ ಮನೆಯ ಎಲ್ಲ ಫೋನ್ ಓಡಿಸುವ ಆಸೆ ಹಲವರಿಗಿರುತ್ತದೆ. ಮಾಡಬಹುದು. ಆದರೆ ಎಕ್ಸ್‌ಚೇಂಜ್‌ನಿಂದ ಬರುವ ತಂತಿಯನ್ನು ಮೊದಲು ಪೂರ್ತಿ ಬಿಡಿಸಿರಬೇಕು. ಆ ತಂತಿಯಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಆಗುವಾಗ ಇನ್ನೂ ಜಾಸ್ತಿ. ಅದು ಎದುರಿನಿಂದ ನುಗ್ಗಿದರೆ ಅಡಾಪ್ಟರ್ ಸುಟ್ಟುಹೋಗಬಹುದು. ಆ 48 ವೋಲ್ಟ್‌ನಿಂದಲೇ ಹಳೇ ಫೋನ್ ಕರೆಂಟ್ ಹೋದರೂ ನಡೆಯುತ್ತಿತ್ತು, ಈಗ ರೂಟರ್, ಅಡಾಪ್ಟರ್ ಎರಡಕ್ಕೂ ಯುಪಿಎಸ್ ಬೇಕು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಡಿಎಂಜೆಡ್ ಸಲಹೆಗೆ ಒಂದು ತಿದ್ದುಪಡಿ ಹಾಕಿ, ಅದನ್ನು ಓದಿ ಈಗಾಗಲೇ ಹಾಗೆ ಮಾಡಿಕೊಂಡವರು ಇರುತ್ತಾರೆ. ಅಡಾಪ್ಟರ್ ಕಂಪನಿಗಳು ಚೀಟಿಯಲ್ಲಿ 'ರೂಟರ್ ಇರುವ ಮನೆ' ಅಂತ ಚಿತ್ರವನ್ನು ಮೊದಲು ಹಾಕಲಿ. ರೂಟರ್ ಮಾಡುವವರು ಸಿಪ್ ಎಎಲ್‌ಜಿ ಆಫ್ ಮಾಡಿಯೇ ಕಳಿಸಲಿ. ಬೇಕು ಅನ್ನುವವರು ಆನ್ ಮಾಡಿಕೊಳ್ಳುತ್ತಾರೆ.

ಇಂತಿ,
ನಿಮ್ಮ ಓದುಗ