ಪಾಲಕರಿಗೆ ಪತ್ರ: ಮಕ್ಕಳು ಸುದ್ದಿ ಓದುವ ಬಗೆ

ನವನಗರ, ಬಾಗಲಕೋಟೆ

ಒಂಬತ್ತನೇ ತರಗತಿಯ ಮಕ್ಕಳ ಪಾಲಕರಿಗೆ ನಮಸ್ಕಾರ.

ಈ ತಿಂಗಳು ಮಕ್ಕಳು ಸುದ್ದಿಯನ್ನು ತರ್ಕಬದ್ಧವಾಗಿ ಓದುವುದನ್ನೂ ಅದರೊಳಗಿನ ಪಕ್ಷಪಾತ ಗುರುತಿಸುವುದನ್ನೂ ಕಲಿಯುತ್ತಿದ್ದಾರೆ. ಬೇಕಂತಲೇ ನಮ್ಮ ವಿಷಯವನ್ನೇ ಆರಿಸಿದ್ದೇವೆ: ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯನ್ನು ಎತ್ತರಿಸುವ ಬಗ್ಗೆ ಮಹಾರಾಷ್ಟ್ರದೊಂದಿಗಿನ ವಾದ. ಮನೆಯಲ್ಲಿ ನಿಮ್ಮ ನೆರವು ಬೇಕು.

ದಿನಪತ್ರಿಕೆಯ ಒಂದು ಸುದ್ದಿ ಕೊಟ್ಟು ಪ್ರತಿ ವಾಕ್ಯದಡಿ ಗೆರೆ ಎಳೆಸಿ. ದಾಖಲೆ ನೋಡಿ ಖಚಿತಪಡಿಸಿಕೊಳ್ಳಬಹುದಾದ ಸಂಗತಿಗೆ ನೀಲಿ, ಅಭಿಪ್ರಾಯಕ್ಕೆ ಕೆಂಪು, ಕಾರಣ ಹೇಳುವ ಮಾತಿಗೆ ಹಸಿರು. "ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, 2010ರಲ್ಲಿ ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು" ಎಂಬುದು ನೀಲಿ. "ಎತ್ತರಿಸುವುದು ಅನ್ಯಾಯ" ಕೆಂಪು. "ಹಿನ್ನೀರಿನಿಂದಲೇ ಮಹಾರಾಷ್ಟ್ರದ ಸಾಂಗ್ಲಿಗೆ ನೆರೆ ಬಂತು" ಹಸಿರು. ಮಕ್ಕಳು ಎಡವುವುದು ಈ ಹಸಿರಿನಲ್ಲೇ, ನೋಡಲು ಅದು ನೀಲಿಯಂತೆಯೇ ಇರುತ್ತದೆ. ಜಲಾಶಯದಲ್ಲಿ, ಸಾಂಗ್ಲಿಯಲ್ಲಿ ನೀರಿನ ಮಟ್ಟ ದಿನವಾರು ಎಷ್ಟಿತ್ತು, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ಬಿಟ್ಟರು ಎಂದು ಕೇಳಬೇಕು. ಎರಡೂ ಕಡೆ ಒಟ್ಟಿಗೇ ನೀರು ಏರಿದ್ದರೂ ಒಂದು ಇನ್ನೊಂದಕ್ಕೆ ಕಾರಣ ಎಂದಾಗದು. ಪಶ್ಚಿಮ ಘಟ್ಟದ ಮಳೆಯೇ ಎರಡನ್ನೂ ಏರಿಸಿರಬಹುದು. ಮಹಾರಾಷ್ಟ್ರದವರ ಮಾತಿಗಷ್ಟೇ ಅಲ್ಲ, ನಮ್ಮವರ ಮಾತಿಗೂ ಇದೇ ಪರೀಕ್ಷೆ.

ಪಕ್ಷಪಾತ ಹೆಚ್ಚಾಗಿ ನುಸುಳುವುದು ಕ್ರಿಯಾಪದದಲ್ಲಿ. ಒಬ್ಬ ಮಂತ್ರಿ "ಹೇಳಿದರು", ಇನ್ನೊಬ್ಬರು "ಹರಿಹಾಯ್ದರು", ಮತ್ತೊಬ್ಬರು "ಒಪ್ಪಿಕೊಂಡರು". ಮೂರನ್ನೂ "ಹೇಳಿದರು" ಮಾಡಿ ಓದಿಸಿ, ಸುದ್ದಿಯ ಕಾವು ಎಷ್ಟು ಇಳಿಯಿತು ನೋಡಿ. "ಎನ್ನಲಾಗಿದೆ" ಬಂದಲ್ಲಿ ಅಂದವರು ಯಾರೆಂದು ಹುಡುಕಲಿ. ಸಿಗದಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. (ವಾಟ್ಸಾಪ್ ಸಂದೇಶಗಳಿಗೆ ಅಂಚು ಸಾಲದು.)

ನಮಗೆ ಹಿಡಿಸಿದ ಸುದ್ದಿಯನ್ನು ಹೀಗೆ ಒರೆಗೆ ಹಚ್ಚುವುದೇ ಕಷ್ಟ. ಮುಳುಗಡೆಯಲ್ಲಿ ಹೊಲ ಮನೆ ಕಳಕೊಂಡ ಕುಟುಂಬಗಳು ನಿಮ್ಮಲ್ಲಿವೆ. ಆ ನಷ್ಟ ನಿಜ, ಆದ್ದರಿಂದಲೇ ಮಕ್ಕಳು ಈ ವಿಷಯದ ಬಗ್ಗೆ ಬರೆಯುವ ಪ್ರಬಂಧದಲ್ಲಿ "ಎಲ್ಲರೂ", "ಯಾವಾಗಲೂ" ಎಂದು ತೇಲಿಸದೆ ಯಾವ ಊರು, ಎಷ್ಟು ಎಕರೆ, ಯಾವ ವರ್ಷ ಎಂದು ಬರೆಯಲಿ. ಸಾಂಗ್ಲಿಯ ರೈತನ ವಾದವನ್ನು ಅವನೇ "ಹೌದು, ನನ್ನ ಮಾತು ಇದೇ" ಅನ್ನುವಂತೆ ನಾಲ್ಕು ಸಾಲು ಬರೆದು, ಆಮೇಲೆ ಉತ್ತರಿಸಬೇಕು. ಗೇಲಿ ಮಾಡಿ ಬರೆದರೆ ಅಂಕವಿಲ್ಲ.

ಒಂದು ವಿನಂತಿ: ಗೆರೆ ಎಳೆದು ಮುಗಿಯುವ ತನಕ ನಿಮ್ಮ ಅಭಿಪ್ರಾಯ ಹೇಳಬೇಡಿ. ಮೊದಲೇ ಹೇಳಿದರೆ ಅಪ್ಪ ಅವ್ವನ ಮಾತಿಗೆ ಹೊಂದುವ ಬಣ್ಣವನ್ನೇ ಹಚ್ಚುತ್ತಾರೆ. ಸುದ್ದಿಯ ತುಣುಕು, ಪ್ರಬಂಧ ಎರಡನ್ನೂ ಶನಿವಾರ ಕಳಿಸಿಕೊಡಿ.

ಇಂತಿ,
ಮುಖ್ಯ ಗುರುಗಳು