ಶಾಲೆಗೆ ಮೊಬೈಲ್ ಬೇಕಾ? ಎಸ್‌ಡಿಎಂಸಿ ಸಭೆಗೆ ಮುಂಚೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನಿಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿನ ಸಭೆಯಲ್ಲಿ ಮೊಬೈಲ್ ವಿಷಯ ಬರುತ್ತೆ, ಅಧ್ಯಕ್ಷನಾಗಿ ಏನು ಹೇಳಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವಂಥದ್ದಲ್ಲ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಊರಿನ ಪಾಲಕರೂ ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುತ್ತಾರೆ, ಅವರಿಗೂ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನೀನು ಬೇಜಾರು ಮಾಡಿಕೊಳ್ಳಲ್ಲ ಅಂತ ಗೊತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹತ್ತನೇ ತರಗತಿ ಮುಗಿಯುವವರೆಗೆ ಕ್ಲಾಸಿನೊಳಗೆ ಮಕ್ಕಳ ಕೈಯಲ್ಲಿ ಫೋನ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದೂರದಿಂದ ಬಸ್ಸಿನಲ್ಲಿ ಬರುವ ಮಗು ಫೋನ್ ತಂದರೆ ಅದನ್ನು ಅಪರಾಧ ಅಂತ ನೋಡಬೇಡಿ. ಬೆಳಗ್ಗೆ ತೆಗೆದಿಟ್ಟುಕೊಳ್ಳಿ, ಸಂಜೆ ವಾಪಸ್ ಕೊಡಿ. ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಮಕ್ಕಳಿಗೆ ನಿಯಮ ಬರೆಯುವ ದಿನವೇ ಶಾಲೆ ತನಗೂ ಒಂದು ನಿಯಮ ಬರೆದುಕೊಳ್ಳಬೇಕು: ಫೋನ್ ಇಲ್ಲ ಅನ್ನುವ ಕಾರಣಕ್ಕೆ ಯಾವ ಮಗುವಿನ ಯಾವ ಕೆಲಸವೂ ನಿಲ್ಲಬಾರದು.

ಕ್ಲಾಸಿನಲ್ಲಿ ಯಾಕೆ ಬೇಡ ಅಂತೀನಿ ಕೇಳು. ಒಂಬತ್ತನೇ ತರಗತಿ, ಬಹುಪದೋಕ್ತಿಗಳ ಅಪವರ್ತನ ಮಾಡಿಸುತ್ತಿದ್ದೇನೆ ಅಂದುಕೋ. ಮಧ್ಯದ ಪದವನ್ನು ಎರಡಾಗಿ ಒಡೆದು ಬೋರ್ಡಿನ ಮೇಲೆ ಬರೆದಿದ್ದೇನೆ. ಹಿಂದಿನ ಬೆಂಚಿನ ಹುಡುಗನಿಗೆ ಈಗಷ್ಟೇ ಎಳೆ ಸಿಕ್ಕಿದೆ, ಮುಖ ನೋಡಿದರೇ ತಿಳಿಯುತ್ತೆ. ಅಷ್ಟರಲ್ಲಿ ಯಾರದೋ ಬ್ಯಾಗಿನೊಳಗೆ, ಸ್ಟೀಲ್ ಡಬ್ಬಿಗೆ ತಾಗಿಕೊಂಡಿದ್ದ ಫೋನ್ ಗುರ್ರ್ ಅನ್ನುತ್ತೆ. ಆ ಬ್ಯಾಗಿನ ಕಡೆ ಯಾರೂ ತಿರುಗುವುದಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ, ನನಗೆ ಕೇಳಿಸಿತಾ ಇಲ್ವಾ ಅಂತ. ಬೋರ್ಡ್ ನೋಡುವವರು ಒಬ್ಬರೂ ಇಲ್ಲ. ಆ ಹುಡುಗನಿಗೆ ಸಿಕ್ಕಿದ್ದ ಎಳೆಯೂ ತಪ್ಪಿಹೋಗುತ್ತೆ. ಅವನದು ಫೋನೂ ಅಲ್ಲ, ತಪ್ಪೂ ಅಲ್ಲ.

ಯುನೆಸ್ಕೊ 2023ರ ಶಿಕ್ಷಣ ವರದಿಯಲ್ಲಿ ಇದರ ಬಗ್ಗೆ ಬರೆದಿದೆ. ಒಮ್ಮೆ ಗಮನ ತಪ್ಪಿದ ಮಗು ಮತ್ತೆ ಪಾಠದಲ್ಲಿ ಪೂರ್ತಿ ತೊಡಗಲು 20 ನಿಮಿಷದವರೆಗೂ ಬೇಕಾಗಬಹುದಂತೆ. ನಮ್ಮ ಪೀರಿಯಡ್ ಇರೋದೇ 40 ನಿಮಿಷ. ಸೈಲೆಂಟ್ ಮಾಡಿ ಇಟ್ಟುಕೊಳ್ಳಲಿ ಬಿಡಿ ಅಂತ ಸಭೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಜೇಬಿನಲ್ಲಿ ಫೋನ್ ಇದೆ, ಅದರಲ್ಲಿ ಏನೋ ಬಂದಿದೆ ಅನ್ನುವ ಯೋಚನೆಯೇ ಸಾಕು ಮಾರಾಯ, ಆ ಪೀರಿಯಡ್ ಮುಗಿದ ಹಾಗೆ. ದೊಡ್ಡವರು ನಾವು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದನ್ನು ತೆಗೆದು ನೋಡುತ್ತೇವೆ. ಹದಿಮೂರು ವರ್ಷದ ಮಗು ಹೇಗೆ ತಡೆದುಕೊಳ್ಳುತ್ತೆ?

ಮುಂದುವರಿದ ದೇಶಗಳಲ್ಲಿ ಎಲ್ಲಾ ಮೊಬೈಲಿನಲ್ಲೇ ಪಾಠ, ನಾವು ಹಿಂದೆ ಬೀಳುತ್ತೇವೆ ಅನ್ನುವವರೂ ಸಿಗುತ್ತಾರೆ. ಅವರಿಗೆ ಹೇಳು: ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಶಾಲೆಯೊಳಗೆ ಮಕ್ಕಳು ಫೋನ್ ಬಳಸದ ಹಾಗೆ ಮಾಡಿತು. ನೆದರ್ಲೆಂಡ್ಸ್‌ನಲ್ಲಿ 2024ರ ಜನವರಿಯಿಂದ ಹೈಸ್ಕೂಲಿನ ಕ್ಲಾಸಿನಲ್ಲಿ ಫೋನ್ ಇಲ್ಲ. ಬ್ರೆಜಿಲ್ 2025ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ತಂತು.

ಗಮನ ತಪ್ಪುವುದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಕ್ಯಾಮೆರಾ. ನಾನು ನೋಡಿದ ಒಂದು ಪ್ರಸಂಗ ಹೇಳುತ್ತೇನೆ, ಯಾವ ಶಾಲೆ ಅಂತ ಬೇಡ. ಮಧ್ಯಾಹ್ನ ಬಿಸಿಯೂಟದ ಹೊತ್ತು. ಹುಡುಗಿಯೊಬ್ಬಳು ತುತ್ತು ಬಾಯಿಗಿಡುವ ಕ್ಷಣದಲ್ಲಿ ಯಾರೋ ಫೋಟೊ ತೆಗೆದರು. ಸಂಜೆಯೊಳಗೆ ಅದು ಸ್ಟಿಕ್ಕರ್ ಆಯಿತು. ಸುತ್ತ ಬಿಳಿ ಅಂಚು, ಕೆಳಗೆ ಒಂದು ಕೊಳಕು ಮಾತು. ರಾತ್ರಿಯೊಳಗೆ ಪಕ್ಕದ ಊರಿನ ಹುಡುಗರ ಗ್ರೂಪಿಗೂ ಹೋಯಿತು. ಅವಳು ಆಮೇಲೆ ಶಾಲೆಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟಳು. ಆ ಫೋಟೊ ತೆಗೆದ ಹುಡುಗ ಕೆಟ್ಟವನಲ್ಲ, ಗೊತ್ತಾ? ಬೈದಾಗ ಅತ್ತ. ಅಳಿಸಿಬಿಡ್ತೀನಿ ಅಂದ. ಅಷ್ಟು ಹೊತ್ತಿಗೆ ಅದು ಅವನ ಕೈಯಿಂದ ದಾಟಿಹೋಗಿತ್ತು. ಮಗುವಿಗೆ ತನ್ನ ಕೈಮೀರುವ ಒಂದು ಸಾಧನ ಕೊಟ್ಟು, ಆರು ಗಂಟೆ ಹೊತ್ತು ನೂರು ಮಕ್ಕಳ ನಡುವೆ ಬಿಡುವುದು ಸರಿಯಲ್ಲ. ಪಾಠ ಕೆಡುತ್ತೆ ಅನ್ನುವ ವಾದ ಯಾರಿಗೂ ಹಿಡಿಸದಿದ್ದರೆ ಇದನ್ನು ಹೇಳು.

ಈಗ ಇನ್ನೊಂದು ಬದಿ. ನಿನ್ನ ಊರನ್ನೇ ತಗೋ. ಹೊಸನಗರದ ಕಡೆ ಮಳೆಗಾಲ ಹೇಗಿರುತ್ತೆ ಅಂತ ನಿನಗೆ ನಾನು ಹೇಳಬೇಕಿಲ್ಲ. ನಾಲ್ಕೂವರೆಗೆ ಶಾಲೆ ಬಿಡುತ್ತೆ. ಮರ ಬಿದ್ದು ರಸ್ತೆ ಬಂದ್ ಆದರೆ ಬಸ್ಸಿಲ್ಲ. ಕತ್ತಲಾಗುತ್ತೆ. ನಾವು ಓದುವಾಗ ಒಂದು ರೂಪಾಯಿ ಕಾಯಿನ್ ಬಾಕ್ಸ್ ಇತ್ತು, ಎಸ್‌ಟಿಡಿ ಬೂತ್ ಇತ್ತು. ಈಗ ಅವು ಎಲ್ಲಿವೆ? ಸ್ಟಾಪಿನಲ್ಲಿ ನಿಂತ ಹುಡುಗಿ ಮನೆಗೆ ಸುದ್ದಿ ಮುಟ್ಟಿಸಬೇಕೆಂದರೆ ಯಾರೋ ಅಪರಿಚಿತರ ಫೋನ್ ಕೇಳಬೇಕು. ಆ ಫೋನಿನಲ್ಲಿ ಅವಳ ಮನೆಯ ನಂಬರ್ ಉಳಿದುಹೋಗುತ್ತೆ. ಅಮ್ಮಂದಿರು ಮಗಳ ಬ್ಯಾಗಿಗೆ ಫೋನ್ ಹಾಕಿ ಕಳಿಸುವುದು ಇದೇ ಭಯಕ್ಕೆ. ಆ ಭಯಕ್ಕೆ ಉತ್ತರ ಕೊಡದೆ ಸುಮ್ನೆ ‘ನಿಷೇಧ’ ಅಂತ ಬೋರ್ಡ್ ಹಾಕಿದರೆ ಏನಾಗುತ್ತೆ? ಫೋನ್ ಬರುವುದು ನಿಲ್ಲುವುದಿಲ್ಲ. ಜಾಮಿಟ್ರಿ ಬಾಕ್ಸಿನ ಕೆಳಗೆ, ಸಾಕ್ಸಿನೊಳಗೆ ಸೇರಿಕೊಳ್ಳುತ್ತೆ.

ದೆಹಲಿ ಹೈಕೋರ್ಟ್ ಮುಂದೆ ಇದೇ ಪ್ರಶ್ನೆ ಬಂದಿತ್ತು. ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಪ್ರಕರಣ. 2025ರಲ್ಲಿ ಕೋರ್ಟ್ ಕೊಟ್ಟ ಮಾರ್ಗಸೂಚಿ ನನಗೆ ತುಂಬಾ ಹಿಡಿಸಿತು. ಶಾಲೆಗೆ ಸ್ಮಾರ್ಟ್‌ಫೋನ್ ತರಲೇಬಾರದು ಅನ್ನುವ ಪೂರ್ತಿ ನಿಷೇಧ ಒಳ್ಳೆಯದೂ ಅಲ್ಲ, ನಡೆಯುವುದೂ ಇಲ್ಲ ಅಂತ ಕೋರ್ಟ್ ಹೇಳಿತು. ಸಾಧ್ಯವಿದ್ದ ಕಡೆ ಬಂದ ಕೂಡಲೇ ಫೋನ್ ಒಪ್ಪಿಸಿಕೊಂಡು ಮನೆಗೆ ಹೋಗುವಾಗ ಕೊಡಿ. ಕ್ಲಾಸಿನಲ್ಲಿ ಬಳಕೆ ಬೇಡ. ಫೋಟೊ, ವಿಡಿಯೊ ಬೇಡ. ಸುರಕ್ಷತೆಗೆ, ಮನೆಯವರ ಸಂಪರ್ಕಕ್ಕೆ ಬಳಸಿದರೆ ತಪ್ಪಿಲ್ಲ. ಪಾಲಕರು, ಶಿಕ್ಷಕರು ಕೂತು ಮಾತಾಡಿ ನೀತಿ ಮಾಡಿ, ಶಿಕ್ಷೆ ವಿಪರೀತ ಆಗದಿರಲಿ ಅಂತಲೂ ಇದೆ. ಅದು ನಮ್ಮ ರಾಜ್ಯದ ಕೋರ್ಟ್ ಅಲ್ಲ, ನಿಜ. ಆದರೂ ನಿಮ್ಮ ಸಭೆಗೆ ಇದಕ್ಕಿಂತ ಒಳ್ಳೆಯ ಕರಡು ಬೇಕಿಲ್ಲ.

ಶಿಕ್ಷೆ ವಿಪರೀತ ಆಗಬಾರದು ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೋ. 2019ರಲ್ಲಿ ಶಿರಸಿಯ ಕಾಲೇಜೊಂದರಲ್ಲಿ ಪ್ರಾಂಶುಪಾಲರು ವಿದ್ಯಾರ್ಥಿಗಳ ಎದುರೇ ಸುತ್ತಿಗೆ ಹಿಡಿದು ಫೋನ್ ಒಡೆದ ವಿಡಿಯೊ ನೀನೂ ನೋಡಿದ್ದೆ. ಎಷ್ಟೋ ಜನ ಭೇಷ್ ಅಂದರು. ನನಗೆ ಸಂಕಟವಾಯಿತು. ಆ ಫೋನ್ ಯಾರ ದುಡಿಮೆ? ಅಡಿಕೆ ಸುಲಿದ ಕೂಲಿಯಲ್ಲಿ ಕಂತು ಕಟ್ಟುತ್ತಿರುವ ತಾಯಿಯದ್ದೂ ಇರಬಹುದು. ಇದಕ್ಕಿಂತ ಕೆಟ್ಟದ್ದು ಶ್ರೀರಂಗಪಟ್ಟಣ ತಾಲ್ಲೂಕಿನಿಂದ ಬಂದ ಸುದ್ದಿ. ಮೊಬೈಲ್ ತಂದಳು ಅಂತ ಬಾಲಕಿಯ ಬಟ್ಟೆ ಬಿಚ್ಚಿಸಿದ ಆರೋಪದ ಮೇಲೆ ಮುಖ್ಯ ಶಿಕ್ಷಕಿ ಅಮಾನತಾದರು. ಮಕ್ಕಳನ್ನು ಕಾಪಾಡಲು ಅಂತ ಮಾಡುವ ನಿಯಮ ಅದು. ಅದರ ಹೆಸರಲ್ಲಿ ಮಗುವಿನ ಮಾನ ಕಳೆಯುವುದಕ್ಕೆ ನಿಮ್ಮ ಶಾಲೆಯಲ್ಲಿ ದಾರಿಯೇ ಇರಬಾರದು. ಮೈ ಮುಟ್ಟಿ ತಪಾಸಣೆ ಇಲ್ಲ, ಒಡೆಯುವುದಿಲ್ಲ, ಫೋನಿನೊಳಗೆ ಏನಿದೆ ಅಂತ ತೆರೆದು ನೋಡುವುದಿಲ್ಲ. ಈ ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆಸು. ಬಾಯಿಮಾತು ಸಾಲದು.

ಇನ್ನು ಶಾಲೆಯ ಪಾಲು. ನನಗೆ ಜಾಸ್ತಿ ಹೇಳಬೇಕು ಅನ್ನಿಸುವುದು ಇದೇ. ನಾವು ಮಗುವಿಗೆ ಮೊಬೈಲ್ ಮುಟ್ಟಬೇಡ ಅಂತೀವಿ. ಸಂಜೆ ಹೋಮ್‌ವರ್ಕ್ ಎಲ್ಲಿಗೆ ಹೋಗುತ್ತೆ? ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ. ನಮ್ಮ ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ವಿಡಿಯೊ ತೆರೆಯುತ್ತೆ. ವಿದ್ಯಾರ್ಥಿವೇತನದ ಅರ್ಜಿಗೆ ಒಟಿಪಿ ಬೇಕು. ಪ್ರಾಜೆಕ್ಟಿನ ಫೋಟೊ ತೆಗೆದು ಕಳಿಸಬೇಕು. ಹೀಗೆ ದಿನವೂ ಫೋನ್ ಬೇಕಾಗುವ ಹಾಗೆ ಮಾಡಿಟ್ಟು, ಕಾಲು ಗಂಟೆಯಲ್ಲಿ ಹೋಮ್‌ವರ್ಕ್ ನೋಡಿ ಕೆಳಗಿಡು ಅಂದರೆ ಆಗುತ್ತಾ? ಹೋಮ್‌ವರ್ಕ್ ನೋಡಲು ತೆರೆದ ಫೋನಿನಲ್ಲೇ ರೀಲ್ಸ್ ಇದೆ, ಅದರಲ್ಲೇ ಗೇಮ್ ಇದೆ.

ಕೊರೋನಾ ಕಾಲ ನೆನಪು ಮಾಡಿಕೋ. 2020ರಲ್ಲಿ ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಅಂತ ಸರ್ಕಾರ ಆದೇಶ ಮಾಡಿತು, ಜುಲೈನಲ್ಲಿ ನಮ್ಮ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳು ಚಂದನದ ಪಾಠ ನೋಡಲಿ ಅಂತ ತಾಳಿ ಅಡವಿಟ್ಟು ಟಿವಿ ತಂದರು. ಮರುವರ್ಷ ಸುಳ್ಯದ ಕಡೆಯ ಆ ಫೋಟೊ ಬಂತು: ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿರುವ ಮಗಳು, ಸುರಿಯುವ ಮಳೆಯಲ್ಲಿ ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಸಾಲ ಮಾಡಿಯಾದರೂ ಫೋನ್ ಕೊಡಿಸಿ ಅಂತ ಆಗ ಮನೆಮನೆಗೆ ಹೇಳಿದ್ದು ಶಾಲೆಗಳೇ. ಹಾಗೆ ಬಂದ ಫೋನ್ ಕೊರೋನಾ ಮುಗಿದ ಮೇಲೆ ವಾಪಸ್ ಹೋಗಲಿಲ್ಲ. ಪಾಲಕರು ಮಕ್ಕಳನ್ನು ಹಾಳು ಮಾಡಿದರು ಅಂತ ಸಭೆಯಲ್ಲಿ ಯಾರಾದರೂ ಶುರು ಮಾಡಿದರೆ ದಯವಿಟ್ಟು ಇದನ್ನು ನೆನಪಿಸು.

ಹೆಣ್ಣುಮಕ್ಕಳ ಲೆಕ್ಕ ಬೇರೆಯೇ ಇದೆ. ಹಳ್ಳಿ ಮಕ್ಕಳ ಕಲಿಕೆ ಹೇಗಿದೆ ಅಂತ ನೋಡುವ ಅಸರ್ ಸಮೀಕ್ಷೆ 2024ರಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವ ಹುಡುಗರಲ್ಲಿ ಶೇ. 36ರಷ್ಟು ಮಂದಿ ತಮ್ಮದೇ ಫೋನ್ ಇದೆ ಅಂದರು. ಹುಡುಗಿಯರಲ್ಲಿ ಶೇ. 27. ಅಂದರೆ ಹೋಮ್‌ವರ್ಕ್ ಗ್ರೂಪಿಗೆ ಹಾಕಿದ ಸಂಜೆ ಒಂದು ಮನೆಯಲ್ಲಿ ಅಣ್ಣನ ಕೈಯಲ್ಲಿ ಫೋನ್ ಇರುತ್ತೆ, ತಂಗಿ ಕಾಯುತ್ತಾ ಕೂತಿರುತ್ತಾಳೆ. ಅಪ್ಪ ಕೆಲಸದಿಂದ ಬರುವುದು ಒಂಬತ್ತಕ್ಕೆ. ಬೆಳಗ್ಗೆ ಅವಳು ಕ್ಲಾಸಿನಲ್ಲಿ ಎದ್ದು ನಿಂತು ‘ನೋಡಿಲ್ಲ ಸರ್’ ಅನ್ನುತ್ತಾಳೆ. ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರೆ ಮುಗಿಯುವ ಕೆಲಸ ಇದು.

ಶಿಕ್ಷಕರ ಕೈಯ ಫೋನಿನ ಮಾತೂ ಬರುತ್ತೆ. ‘ಮೇಷ್ಟ್ರು ಯಾವಾಗ ನೋಡಿದ್ರೂ ಮೊಬೈಲಿನಲ್ಲೇ ಇರ್ತಾರೆ’ ಅಂತ ಮಕ್ಕಳು ಹೇಳುತ್ತಾರೆ, ತಪ್ಪೇನಿಲ್ಲ. ನಮ್ಮ ಕಷ್ಟವೂ ತಿಳಿದಿರಲಿ. ಹಾಜರಿ, ಬಿಸಿಯೂಟದ ಲೆಕ್ಕ, ಇಲಾಖೆ ಕೇಳುವ ಮಾಹಿತಿ ಎಲ್ಲವೂ ಇದರಲ್ಲೇ. 2025ರ ಜಾತಿ ಸಮೀಕ್ಷೆಗೆ ಮನೆಮನೆ ಅಲೆದಾಗಲೂ ಕೈಯಲ್ಲಿದ್ದದ್ದು ಇದೇ ಫೋನ್, ಅದರಲ್ಲೊಂದು ಆ್ಯಪ್. ಆದರೂ ಪಾಠ ಮಾಡುವ 40 ನಿಮಿಷ ನಾವೂ ಅದನ್ನು ಸ್ಟಾಫ್ ರೂಮಿನಲ್ಲಿ ಬಿಟ್ಟು ಬರಬಹುದು. ನಾನು ಹಾಗೇ ಮಾಡುತ್ತೇನೆ. ನಿಮ್ಮ ಶಿಕ್ಷಕರನ್ನೂ ಪ್ರೀತಿಯಿಂದಲೇ ಕೇಳು, ಆಜ್ಞೆ ಮಾಡಬೇಡ.

ಕೆಲಸದ ಮಾತಿಗೆ ಬರೋಣ. ಬೀಗ ಹಾಕುವ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಖಾನೆಗಳಿರಲಿ, ಖಾನೆಗೊಂದು ನಂಬರ್. ಪ್ರಾರ್ಥನೆಗೆ ಮುಂಚೆ ಸ್ವಿಚ್ ಆಫ್ ಮಾಡಿ ಇಡಬೇಕು, ಕೊನೆ ಬೆಲ್ಲಿಗೆ ತಗೋಬೇಕು. ಕೀಲಿ ಯಾರ ಹತ್ತಿರ, ಕಳೆದರೆ ಯಾರು ಹೊಣೆ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಜಗಳ ಬರುವುದು ಯಾವಾಗಲೂ ಅಲ್ಲೇ. ದೂರದ ಮಕ್ಕಳಿಗೆ ಕೀಪ್ಯಾಡ್ ಫೋನ್ ಸಾಕು ಅಂತ ಪಾಲಕರಿಗೆ ಹೇಳಿ. ಕರೆ ಮಾಡಲು ಅದಕ್ಕಿಂತ ಹೆಚ್ಚು ಬೇಕಿಲ್ಲ, ಚಾರ್ಜೂ ಮೂರು ದಿನ ಬರುತ್ತೆ. ಆಫೀಸಿನಲ್ಲಿ ಒಂದು ಫೋನ್ ಮಕ್ಕಳಿಗಾಗಿಯೇ ಇರಲಿ, ಮನೆಗೆ ಕರೆ ಮಾಡಬೇಕು ಅಂದ ಮಗುವನ್ನು ಯಾಕೆ ಏನು ಅಂತ ಹತ್ತು ಪ್ರಶ್ನೆ ಕೇಳುವುದು ಬೇಡ. ಕೆಲವು ಹುಡುಗಿಯರಿಗೆ ಕಾರಣ ಹೇಳಲು ಆಗುವುದಿಲ್ಲ. ಕಣ್ಣು ಕಾಣದ ಮಗು ಪಾಠ ಓದಿಸಿಕೊಳ್ಳಲು ಫೋನ್ ಬಳಸುತ್ತಿದ್ದರೆ, ಸಕ್ಕರೆ ಕಾಯಿಲೆಯ ಮಗುವಿನ ಸಕ್ಕರೆ ಮಟ್ಟ ಅಳೆಯುವ ಸೆನ್ಸರ್ ಫೋನಿಗೆ ಜೋಡಿಸಿದ್ದರೆ, ಅದು ಅವರ ಹತ್ತಿರವೇ ಇರಲಿ.

ಮನೆಯ ವಿಷಯದಲ್ಲಿ ನಿಯಮ ಮಾಡುವ ಅಧಿಕಾರ ಸಭೆಗಿಲ್ಲ, ಕೇಳಿಕೊಳ್ಳಬಹುದು ಅಷ್ಟೇ. ಬೆಳಗಾವಿ ಹತ್ತಿರದ ಹಲಗಾ ಊರಿನಲ್ಲಿ 2024ರ ಡಿಸೆಂಬರಿನಲ್ಲಿ ಒಂದು ಒಳ್ಳೆ ಪ್ರಯತ್ನ ಶುರುವಾಯಿತು. ಸಂಜೆ ಏಳಕ್ಕೆ ಸೈರನ್ ಕೂಗುತ್ತೆ, ಒಂಬತ್ತರವರೆಗೆ ಮನೆಗಳಲ್ಲಿ ಟಿವಿ, ಮೊಬೈಲ್ ಬಂದ್, ಮಕ್ಕಳು ಓದಲು ಕೂರಬೇಕು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಗಳಲ್ಲಿ ಇದು ಮೊದಲೇ ಇತ್ತು. ದೊಡ್ಡವರಿಗೂ ಅದೇ ನಿಯಮ ಅನ್ನುವುದು ನನಗೆ ಇಷ್ಟವಾಯಿತು. ನಿಮ್ಮೂರಿನಲ್ಲಿ ಮನೆಗಳು ದೂರ ದೂರ, ಸೈರನ್ ಕೇಳಿಸಲಿಕ್ಕಿಲ್ಲ. ಪಂಚಾಯ್ತಿಯವರ ಜೊತೆ ಮಾತಾಡಿ ಬೇರೆ ಏನಾದರೂ ದಾರಿ ನೋಡಿ.

ಕೊನೆಗೆ ಒಂದು ಬೇಡಿಕೆ. ಸಭೆಯನ್ನು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಡು, ಆಗ ಅಮ್ಮಂದಿರೂ ಬರಲು ಆಗುತ್ತೆ. ಒಂಬತ್ತು, ಹತ್ತನೇ ತರಗತಿಯಿಂದ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಕೂರಲಿ, ಎಲ್ಲರಿಗಿಂತ ಮೊದಲು ಅವರು ಮಾತಾಡಲಿ. ಬಸ್ ತಪ್ಪಿದ ದಿನ ಏನು ಮಾಡುತ್ತಾರೆ, ಗ್ರೂಪಿನಲ್ಲಿ ಏನೇನು ಓಡಾಡುತ್ತೆ ಅಂತ ನಮಗಿಂತ ಅವರಿಗೆ ಗೊತ್ತು. ಅವರು ಹೇಳಿದ್ದಕ್ಕೆ ನಾನು ಇಲ್ಲಿ ಬರೆದದ್ದು ಹೊಂದದೆ ಹೋದರೆ ಅವರ ಮಾತನ್ನೇ ತಗೋ. ಏನು ತೀರ್ಮಾನ ಆಯಿತು ಅಂತ ನನಗೆ ಬರಿ. ಪೆಟ್ಟಿಗೆ ಮಾಡಿಸುವ ಖರ್ಚಿನಲ್ಲಿ ಅರ್ಧ ನನ್ನದು.

ನಿನ್ನ ಗೆಳೆಯ