ಖಾಲಿ ರಾತ್ರಿಯನ್ನೂ ಬರೆದಿಡು

ಲೆಡ್‌ಬರಿ, ಹೆರೆಫರ್ಡ್‌ಷೈರ್, ಇಂಗ್ಲೆಂಡ್
ನವೆಂಬರ್ 14

ಚಿ. ಸುಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ಮೊನ್ನೆ ಕೈಸೇರಿತು. ಪತಂಗಗಳನ್ನು ಸೆಳೆದು ಎಣಿಸಲು ದೀಪ ಹಚ್ಚಿಡುವ ನಿನ್ನ ಪೆಟ್ಟಿಗೆ ಮೂರು ರಾತ್ರಿ ಸಾಲಾಗಿ ಖಾಲಿ ಸಿಕ್ಕಿತೆಂದು, ಇನ್ನು ಮಾರ್ಚ್ ತನಕ ದೀಪವನ್ನು ಒಳಗಿಟ್ಟುಬಿಡುತ್ತೇನೆಂದು ಬರೆದಿದ್ದೀಯ. ಜುಲೈಯಲ್ಲಿ ಒಂದೇ ಬೆಳಗಿಗೆ ಇನ್ನೂರು ಪತಂಗ ಎಣಿಸಿದವಳು ನೀನು. ಈಗ ಪತಂಗ ಅಡಗಿ ಕೂರಲೆಂದು ಒಳಗಿಟ್ಟ ಮೊಟ್ಟೆಯ ಟ್ರೇಗಳನ್ನು ಒಂದೊಂದಾಗಿ ತಿರುವಿ ಹಾಕಿದರೂ ಏನೂ ಕಾಣದಿದ್ದರೆ ಬೇಸರವಾಗುವುದು ಸಹಜವೇ. ಆದರೂ ದೀಪವನ್ನು ಒಳಗಿಡಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯಿತು ದೊಡ್ಡಮ್ಮ" ಎನ್ನುತ್ತೀಯೆಂದು ಕುಳಿತು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಕೈಹಾಕಿದ್ದು 1997ರಲ್ಲಿ. ಮೊದಲ ಐದು ವರ್ಷದ ನೋಟ್‌ಬುಕ್‌ಗಳು ಈಗ ನನ್ನ ಮೇಜಿನ ಮೇಲಿವೆ. ಒಂದು ನವೆಂಬರ್ ಪುಟ ತೆಗೆದರೆ 3ನೇ ತಾರೀಖು ಎರಡು ಪತಂಗ, 19ನೇ ತಾರೀಖು ಒಂದು ಪತಂಗ. ನಡುವೆ ಏನೂ ಇಲ್ಲ. ಆ ಹದಿನೈದು ರಾತ್ರಿ ದೀಪ ಹಚ್ಚಿಟ್ಟೂ ಏನೂ ಬರಲಿಲ್ಲವೋ, ಚಳಿಯೆಂದು ನಾನು ದೀಪವನ್ನೇ ಹಚ್ಚಲಿಲ್ಲವೋ, ಇಂದು ನನಗೇ ಗೊತ್ತಿಲ್ಲ. ಎರಡೂ ಒಂದೇ ಥರ ಕಾಣುತ್ತವೆ, ಬಿಳಿ ಕಾಗದವಾಗಿ. ಆ ಐದು ವರ್ಷದ ಚಳಿಗಾಲದ ಲೆಕ್ಕ ಯಾರಿಗೂ ಉಪಯೋಗಕ್ಕೆ ಬರುವಂತಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ, ಏಕೆಂದರೆ ಹೋದ ರಾತ್ರಿಗೆ ಹೋಗಿ ದೀಪ ಹಚ್ಚಲು ಆಗುವುದಿಲ್ಲ.

ಆದ್ದರಿಂದ ಮೊದಲ ಮಾತು ಇದು. ದೀಪ ಹಚ್ಚಿದ ಪ್ರತಿ ರಾತ್ರಿಗೂ ಒಂದು ಸಾಲು ಇರಲಿ. ಏನೂ ಬರದಿದ್ದರೆ "ಸೊನ್ನೆ" ಎಂದು ಬರೆ. ಹಚ್ಚದಿದ್ದರೆ "ಹಚ್ಚಲಿಲ್ಲ" ಎಂದು ಬರೆ. ಪಕ್ಕದಲ್ಲಿ ಆ ರಾತ್ರಿಯ ಕನಿಷ್ಠ ಉಷ್ಣತೆ, ಗಾಳಿ, ಮೋಡ ಇತ್ತೋ ಇಲ್ಲವೋ, ಇಷ್ಟು ಸಾಕು. ನವೆಂಬರ್ 14ರ ಸಂಜೆ ಇಟ್ಟ ಪೆಟ್ಟಿಗೆಯನ್ನು 15ರ ಬೆಳಿಗ್ಗೆ ತೆರೆದರೂ ಅದು 14ರ ದಾಖಲೆಯೇ. ಇದರಲ್ಲಿ ತಪ್ಪಬೇಡ, ಎಷ್ಟೋ ಜನರ ಲೆಕ್ಕ ಇಲ್ಲೇ ಒಂದು ದಿನ ಹಿಂದುಮುಂದಾಗುತ್ತದೆ.

ಸೊನ್ನೆಗೆ ಇಷ್ಟು ಬೆಲೆ ಯಾಕೆಂದು ಕೇಳುತ್ತೀಯ. ರೋಥಮ್‌ಸ್ಟೆಡ್ ಹೆಸರನ್ನು ನೀನು ಕೇಳಿರಬಹುದು, ಹಾರ್ಟ್‌ಫರ್ಡ್‌ಷೈರ್‌ನ ಹಳೆಯ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ ಸಿ. ಬಿ. ವಿಲಿಯಮ್ಸ್ 1933ರಲ್ಲಿ ದೀಪದ ಪೆಟ್ಟಿಗೆ ಇಟ್ಟು ಎಣಿಸಲು ತೊಡಗಿದರು. 1960ರ ದಶಕದಲ್ಲಿ ಅದು ದೇಶದುದ್ದಕ್ಕೂ ಹರಡಿದ ಜಾಲವಾಯಿತು. ಎಲ್ಲ ಕಡೆಯೂ ಒಂದೇ ಬಗೆಯ ಪೆಟ್ಟಿಗೆ, ಒಂದೇ ಬಗೆಯ 200 ವಾಟ್ ಬಲ್ಬು, ಬೇಸಿಗೆಯಿರಲಿ ಹಿಮವಿರಲಿ ರಾತ್ರಿ ತಪ್ಪದಂತೆ. ಹಾಗೆ ಬಿಡದೆ ಎಣಿಸಿದ್ದರಿಂದಲೇ 1968ರಿಂದ 2017ರವರೆಗಿನ ಐವತ್ತು ವರ್ಷದಲ್ಲಿ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಶೇ. 33ರಷ್ಟು ಕುಸಿದಿದೆಯೆಂದು ಇಂದು ಹೇಳಲು ಸಾಧ್ಯವಾಗಿದೆ. ದಕ್ಷಿಣಾರ್ಧದಲ್ಲಿ ಶೇ. 39, ಉತ್ತರಾರ್ಧದಲ್ಲಿ ಶೇ. 22. ಮೂರರಲ್ಲಿ ಒಂದು ಪಾಲು ಕಣ್ಮುಂದೆಯೇ ಹೋಯಿತು, ಮಗಳೇ. ಬಂದದ್ದನ್ನಷ್ಟೇ ಬರೆದು ಬಾರದ್ದನ್ನು ಬಿಟ್ಟಿದ್ದರೆ ಈ ನಷ್ಟ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಇನ್ನು "ಈ ಚಳಿಯಲ್ಲಿ ಯಾವ ಪತಂಗ ಹಾರೀತು" ಎಂಬ ನಿನ್ನ ಪ್ರಶ್ನೆ. ಈ ದೇಶದ ಸುಮಾರು 2,500 ಜಾತಿಗಳಲ್ಲಿ ಕೆಲವು ಈ ದಿನಗಳಿಗಾಗಿಯೇ ಹುಟ್ಟಿದಂತಿವೆ. ಬಾವಲಿಗಳು ನಿದ್ದೆಗೆ ಜಾರಿವೆ, ಹುಳು ಹಿಡಿಯುವ ವಲಸೆ ಹಕ್ಕಿಗಳು ದಕ್ಷಿಣಕ್ಕೆ ಹೋಗಿವೆ, ಹಗಲಿರುಳು ಹಾರಾಡುವವರ ಸಂತೆ ಮುಗಿದಿದೆ. ಚಳಿ ತಡೆಯಬಲ್ಲ ಜೀವಕ್ಕೆ ಇದಕ್ಕಿಂತ ನಿರಾತಂಕದ ಕಾಲ ಬೇರೊಂದಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ನನ್ನ ಪೆಟ್ಟಿಗೆಯೊಳಗೆ ಏನೂ ಇರಲಿಲ್ಲ. ಅಭ್ಯಾಸಬಲದಿಂದ ಹಿಂದಿನ ಇಟ್ಟಿಗೆ ಗೋಡೆಯ ಮೇಲೆ ಕಣ್ಣಾಡಿಸಿದೆ. ಕಿಟಕಿಯ ಕೆಳಗೆ, ನನ್ನ ಮೊಣಕಾಲಿನ ಮಟ್ಟದಲ್ಲಿ ಡಿಸೆಂಬರ್ ಮಾತ್ ಎಂಬ ಪತಂಗವೊಂದು ಕುಳಿತಿತ್ತು. ಇದ್ದಿಲಿನ ಬಣ್ಣದ ರೆಕ್ಕೆ, ಅದರ ಮೇಲೆ ಕೆನೆಬಣ್ಣದ ಅಲೆಗೆರೆ, ತಲೆಯ ಹಿಂದೆ ಅದೇ ಕೆನೆಬಣ್ಣದ ಪಟ್ಟಿ. ಮೈತುಂಬ ಎಷ್ಟು ದಟ್ಟ ರೋಮವೆಂದರೆ ನಮ್ಮೂರಿನಲ್ಲಿ ಮಳೆಗಾಲಕ್ಕೆ ಕರಿಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವರ ನೆನಪಾಯಿತು. ರೋಮದ ತುದಿಗಳಲ್ಲಿ ಇಬ್ಬನಿಯ ಹನಿಗಳು ಸಾಸಿವೆಗಿಂತ ಸಣ್ಣದಾಗಿ ನಿಂತಿದ್ದವು. ಈ ಪತಂಗ ಬಂದು ಹೋಗುವವರೆಗೆ ಏನನ್ನೂ ತಿನ್ನುವುದಿಲ್ಲ. ಮರಿಹುಳುವಾಗಿದ್ದಾಗ ಎಲೆ ಮೇದು ಕೂಡಿಟ್ಟ ಶಕ್ತಿಯಲ್ಲೇ ಅದರ ಇಡೀ ಹಾರಾಟ. ನೀನು ಪೆಟ್ಟಿಗೆಯ ಒಳಗನ್ನು ಮಾತ್ರ ನೋಡಿ ಸೊನ್ನೆ ಎಂದು ಬರೆದಿದ್ದರೆ ಆ ಸೊನ್ನೆ ಸುಳ್ಳಾಗಬಹುದು. ಗೋಡೆ, ಬೇಲಿ, ಕಿಟಕಿಯ ಚೌಕಟ್ಟು, ಬಾಗಿಲ ಮೇಲಿನ ದೀಪದ ಸುತ್ತ, ಎಲ್ಲವನ್ನೂ ನೋಡಿದ ಮೇಲೆ ಬರೆದದ್ದೇ ನಿಜವಾದ ಸೊನ್ನೆ.

ವಿಂಟರ್ ಮಾತ್ ಎಂಬ ಇನ್ನೊಂದು ಚಳಿಗಾಲದ ಪತಂಗದ ವಿಷಯಕ್ಕೆ ಬಂದರೆ ಪೆಟ್ಟಿಗೆ ನಿನಗೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ದೀಪಕ್ಕೆ ಬರುವುದು ಗಂಡು ಮಾತ್ರ, ಮಾಸಲು ಬೂದುಗಂದು ಬಣ್ಣದ್ದು. ಹೆಣ್ಣಿಗೆ ಹಾರಲು ಬರುವುದಿಲ್ಲ. ಅದನ್ನು ನೋಡಬೇಕೆಂದರೆ ಕತ್ತಲಾಗಿ ಒಂದೆರಡು ಗಂಟೆಯೊಳಗೆ ಟಾರ್ಚ್ ಹಿಡಿದು ಮರದ ಬುಡಕ್ಕೆ ಹೋಗಬೇಕು. ನಮ್ಮ ಮನೆಯ ಹಿಂದೆ ಸೈಡರ್ ಮಾಡುವ ಸೇಬಿನ ತೋಟವಿದೆಯಲ್ಲ, ಅಲ್ಲಿ ನಾನು ಮೊದಲ ಸಲ ನೋಡಿದೆ. ಗೋಧಿಕಾಳಿನ ಗಾತ್ರದ ಉಬ್ಬಿದ ಹೊಟ್ಟೆ, ಉದ್ದ ಕಾಲುಗಳು, ರೆಕ್ಕೆಯಿರಬೇಕಾದ ಜಾಗದಲ್ಲಿ ಮೊಂಡು ಚೂರುಗಳು. ಅದು ತೊಗಟೆಯ ಬಿರುಕನ್ನು ಬಳಸಿ, ಪಾಚಿಯನ್ನು ದಾಟಿ, ನಿಲ್ಲದೆ ಮೇಲಕ್ಕೇರುತ್ತಿತ್ತು. ಜೂನ್‌ನಿಂದ ಮಣ್ಣಿನಲ್ಲಿ ಕೋಶವಾಗಿದ್ದದ್ದು ಆ ಸಂಜೆ ಹೊರಬಂದು ನಡೆದೇ ಕೊಂಬೆ ಸೇರಬೇಕು, ದಾರಿಯಲ್ಲಿ ಗಂಡು ಸಿಗಬೇಕು, ಮೊಗ್ಗುಗಳ ಬಳಿ ಮೊಟ್ಟೆಯಿಡಬೇಕು. ತೋಟದವರು ಅಕ್ಟೋಬರ್ ಕೊನೆಗೇ ಮರದ ಸುತ್ತ ಅಂಟಿನ ಪಟ್ಟಿ ಕಟ್ಟುವುದು ಇದನ್ನು ತಡೆಯಲೆಂದೇ. ಅವರ ಬೆಳೆಯ ಕಷ್ಟ ನನಗೆ ಅರ್ಥವಾಗುತ್ತದೆ, ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳಲ್ಲವೇ ನಾನು. ಆದರೂ ನಮ್ಮ ಹಿತ್ತಿಲಿನ ಎರಡು ಮರಕ್ಕೆ ಪಟ್ಟಿ ಕಟ್ಟಿಲ್ಲ.

ಕಾರಣ ಹೇಳುತ್ತೇನೆ. ಆ ಮೊಟ್ಟೆಗಳು ಏಪ್ರಿಲ್ ಸುಮಾರಿಗೆ, ಮೊಗ್ಗು ಒಡೆಯುವ ಹೊತ್ತಿಗೆ ಒಡೆಯುತ್ತವೆ. ಎಳೆ ಎಲೆಯ ಮೇಲಿನ ಆ ಹಸಿರು ಹುಳುಗಳೇ ಗ್ರೇಟ್ ಟಿಟ್, ಬ್ಲೂ ಟಿಟ್ ಹಕ್ಕಿಗಳ ಮರಿಗಳ ಊಟ. ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್ ಗೂಡುಗಳನ್ನು ಬಿಡದೆ ನೋಡುತ್ತಾ ಬಂದಿದ್ದಾರೆ. ವಸಂತ ಬೇಗ ಬರತೊಡಗಿದಂತೆ ಓಕ್ ಚಿಗುರುವುದು, ಹುಳು ಹೊರಬರುವುದು, ಹಕ್ಕಿ ಮೊಟ್ಟೆಯಿಡುವುದು ಎಲ್ಲವೂ ಮೊದಲಿಗಿಂತ ಬೇಗನೆ ಆಗತೊಡಗಿವೆ. ಈ ಮೂರರಲ್ಲಿ ಒಂದು ಹೆಜ್ಜೆ ತಪ್ಪಿದರೂ ಮರಿಗಳು ಹಸಿದಿರುತ್ತವೆ. ಮೇ ತಿಂಗಳ ಗೂಡಿನ ಲೆಕ್ಕ ಡಿಸೆಂಬರಿನ ಮರದ ಬುಡದಲ್ಲೇ ಆರಂಭವಾಗಿರುತ್ತದೆ. ಅಲ್ಲಿ ಟಾರ್ಚ್ ಹಿಡಿದು ನಿಲ್ಲುವವರು ಬಹಳ ಕಡಿಮೆ.

ಹಾಗೆ ಹೋದಾಗ ಕಪ್ಪು ಹಳದಿ ಚುಕ್ಕೆಯ ಜೇಡದಂಥದ್ದು ಕಂಡರೆ ಕಾಲು ಎಣಿಸು. ಆರೇ ಇದ್ದರೆ ಅದು ಮಾಟಲ್ಡ್ ಅಂಬರ್ ಪತಂಗದ ಹೆಣ್ಣು, ಅದಕ್ಕೆ ರೆಕ್ಕೆಯ ಗುರುತೂ ಇರುವುದಿಲ್ಲ.

ನಿನ್ನ ಪಟ್ಟಿಯಲ್ಲಿ ಒಂದನ್ನು ನಾನು ತಿದ್ದಬೇಕು. ಅಕ್ಟೋಬರ್ 27ಕ್ಕೆ "ನವೆಂಬರ್ ಮಾತ್, 1" ಎಂದು ಬರೆದಿದ್ದೀಯ. ನೀನು ಕಳಿಸಿದ ಫೋಟೋ ನೋಡಿದೆ. ಅದು ನವೆಂಬರ್ ಮಾತ್ ಇರಬಹುದು, ಪೇಲ್ ನವೆಂಬರ್ ಇರಬಹುದು, ಆಟಮ್ನಲ್ ಇರಬಹುದು. ಈ ಗುಂಪನ್ನು ರೆಕ್ಕೆ ನೋಡಿ ಖಚಿತವಾಗಿ ಬೇರ್ಪಡಿಸಲು ಬಹುತೇಕ ಆಗುವುದಿಲ್ಲ, ಸೂಕ್ಷ್ಮದರ್ಶಕದಡಿ ಜನನಾಂಗ ಪರೀಕ್ಷಿಸಬೇಕು. ಅದಕ್ಕೇ ಇಲ್ಲಿಯವರು "ಗುಂಪು" ಎಂದೇ ದಾಖಲಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ನಾನೂ ಆರು ವರ್ಷ ಹೆಸರು ಹಾಕಿಯೇ ಕಳಿಸುತ್ತಿದ್ದೆ. ಕೌಂಟಿಯ ದಾಖಲೆ ಪರಿಶೀಲಿಸುವವರು ಒಮ್ಮೆ ಬಹಳ ಸೌಜನ್ಯದಿಂದ "ಹೇಗೆ ಗುರುತಿಸಿದಿರಿ" ಎಂದು ಕೇಳಿದರು. ಉತ್ತರವಿರಲಿಲ್ಲ. ಆ ಆರು ವರ್ಷದ ನಮೂದನ್ನೆಲ್ಲ ಕುಳಿತು ತಿದ್ದಿದೆ. ಅವರು ಸಂಬಳವಿಲ್ಲದೆ ಸಾವಿರಾರು ಸಾಲು ಪರೀಕ್ಷಿಸುವವರು. ಅವರು ಒಂದು ನಮೂದನ್ನು ಹಿಂದಿರುಗಿಸಿದರೆ ಮುನಿಸಿಕೊಳ್ಳಬೇಡ. ಬಟರ್‌ಫ್ಲೈ ಕನ್ಸರ್ವೇಶನ್ ಸಂಸ್ಥೆ 2007ರಲ್ಲಿ ಪತಂಗಗಳ ರಾಷ್ಟ್ರೀಯ ದಾಖಲೆ ಯೋಜನೆ ಆರಂಭಿಸಿದ ಮೇಲೆ ಒಟ್ಟುಗೂಡಿದ ಕೋಟಿಗಟ್ಟಲೆ ಸಾಲುಗಳಿಗೆ ಬೆಲೆ ಬಂದಿರುವುದು ಇಂಥ ಜರಡಿಯಿಂದಲೇ.

ಪತಂಗ ಸೆಳೆಯಲು ಬಳಿಯುವ ಬೆಲ್ಲದ ವಿಷಯ ನೀನು ಕೇಳಿದ್ದೆ. ಇಲ್ಲಿಯವರು ಕಪ್ಪು ಕಾಕಂಬಿ, ಕಂದು ಸಕ್ಕರೆ, ಬಿಯರ್ ಸೇರಿಸಿ ಕುದಿಸಿ ಮುಸ್ಸಂಜೆಯಲ್ಲಿ ಮರಕ್ಕೆ ಬಳಿಯುತ್ತಾರೆ. ನಿನ್ನ ಅಮ್ಮ ಕಳಿಸಿದ ಜೋನಿ ಬೆಲ್ಲಕ್ಕೆ ಕಳಿತ ಬಾಳೆಹಣ್ಣು ಕಿವುಚಿ, ಚೂರು ಬಿಯರ್ ಹಾಕಿ ನಾನು ಬಳಿದೆ. ಮೋಡ ಮುಸುಕಿದ, ಗಾಳಿಯಿಲ್ಲದ, 10 ಡಿಗ್ರಿ ಇದ್ದ ರಾತ್ರಿ. ಒಂಬತ್ತು ಗಂಟೆಗೆ ಟಾರ್ಚ್ ಬಿಟ್ಟರೆ ಓಕ್ ಕಾಂಡದ ಮೇಲೆ ಐದು ಜೊತೆ ಕಣ್ಣು ಕೆಂಡದ ಹಾಗೆ ಹೊಳೆದವು. ಮೂರು ಚೆಸ್ಟ್‌ನಟ್ ಪತಂಗ, ಎರಡು ಸ್ಯಾಟಲೈಟ್ ಪತಂಗ. ಸ್ಯಾಟಲೈಟಿನ ರೆಕ್ಕೆಯ ಮೇಲೊಂದು ಬಿಳಿ ಬೊಟ್ಟು, ಅದರ ಎರಡು ಬದಿಗೆ ಎರಡು ಪುಟ್ಟ ಚುಕ್ಕೆ, ಗ್ರಹದ ಪಕ್ಕ ಉಪಗ್ರಹ ಇದ್ದಂತೆ. ಹೆಸರು ಬಂದದ್ದೇ ಅದರಿಂದ. ಇವು ಉಪವಾಸ ಮಾಡುವ ಜಾತಿಯಲ್ಲ, ಬೆಚ್ಚಗಿನ ರಾತ್ರಿ ಎದ್ದು ಕುಡಿದು, ಚಳಿ ಹೆಚ್ಚಿದಾಗ ಎಲೆಗಳಡಿ ಅಡಗಿ ವಸಂತದ ತನಕ ಬದುಕುತ್ತವೆ. ಬೆಲ್ಲ ಬಳಿಯುವುದು ಕಷ್ಟವೆನಿಸಿದರೆ ನಿನ್ನ ಬೀದಿಯಲ್ಲಿ ಹೂಬಿಟ್ಟ ಐವಿ ಬಳ್ಳಿ ಹುಡುಕು. ಅಕ್ಟೋಬರಿನಲ್ಲಿ ಅದಕ್ಕಿಂತ ಒಳ್ಳೆಯ ಅಂಗಡಿ ಇಲ್ಲ. ಮುಂದಿನ ವರ್ಷ ತಪ್ಪದೆ ನೋಡು.

ಬಿಡುವಾಗ ಮಾತ್ರ ಅವಸರ ಮಾಡಬೇಡ. ತಣ್ಣಗಾದ ಸ್ಯಾಟಲೈಟನ್ನು ಗಾಳಿಗೆ ಎಸೆದರೆ ಕಲ್ಲಿನಂತೆ ಬೀಳುತ್ತದೆ. ಬೆರಳ ಮೇಲೆ ಹತ್ತಿಸಿಕೊಂಡು ಕಾಯ್ದರೆ ರೆಕ್ಕೆ ಸಣ್ಣಗೆ ನಡುಗತೊಡಗುತ್ತದೆ, ಬೆರಳಿಗೆ ಆ ಕಂಪನ ತಿಳಿಯುತ್ತದೆ. ಅದು ಚಳಿಯ ನಡುಕವಲ್ಲ, ಎದೆಯ ಸ್ನಾಯು ಕಾಯಿಸಿಕೊಳ್ಳುವ ಉಪಾಯ. ಅಮೆರಿಕದಲ್ಲಿ ಇದೇ ಕುಲದ ಚಳಿಗಾಲದ ಪತಂಗಗಳನ್ನು ಪರೀಕ್ಷಿಸಿದ ಬರ್ನ್ಡ್ ಹೈನ್‌ರಿಕ್, ಅವು ಹೀಗೆ ನಡುಗಿ ಎದೆಯ ಶಾಖವನ್ನು 30 ಡಿಗ್ರಿ ಆಸುಪಾಸಿಗೆ ಏರಿಸಿಕೊಳ್ಳುತ್ತವೆಂದು ತೋರಿಸಿದರು. ಸುತ್ತ ಹೆಪ್ಪುಗಟ್ಟುವ ಚಳಿ, ಒಳಗೆ ಅಷ್ಟು ಕಾವು! ಬೆಳಗಾಗುವ ಮುನ್ನವೇ ಪೆಟ್ಟಿಗೆ ತೆರೆ, ದಟ್ಟ ಪೊದೆಯ ಒಳಗೆ ಬಿಡು. ರಾಬಿನ್ ಹಕ್ಕಿ ಎರಡು ದಿನದಲ್ಲಿ ನಿನ್ನ ಪೆಟ್ಟಿಗೆಯ ಸಮಯ ಕಲಿತುಬಿಡುತ್ತದೆ.

ಇದನ್ನು ಬರೆಯುವಾಗ ನಿನ್ನ ಅಜ್ಜಿ ನೆನಪಾಗುತ್ತಿದ್ದಾರೆ. ಕಾರ್ತಿಕದ ಸಂಜೆ ತುಳಸಿಕಟ್ಟೆಗೆ ದೀಪವಿಟ್ಟು, ಕೀಟ, ಪತಂಗ, ಸೊಳ್ಳೆ, ಮರ ಎಂದು ಜೀವಗಳನ್ನೆಲ್ಲ ಕರೆಯುವ ಆ ಶ್ಲೋಕ ಹೇಳುವರು. ಹೇಳಿ ಮುಗಿಸಿ, ಎಣ್ಣೆಯ ಅಂಚಿಗೆ ಬಂದ ಪತಂಗವನ್ನು ಹಾಳೆಯ ಚೂರಿನಲ್ಲಿ ಎತ್ತಿ ತುಳಸಿಯ ನೆರಳಿಗೆ ದಾಟಿಸುವರು. ನಾನೂ ನಿನ್ನ ಅಮ್ಮನೂ ಪಕ್ಕದಲ್ಲಿ ಕುಳಿತು ಎಷ್ಟು ದಾಟಿಸಿದರೆಂದು ಎಣಿಸುತ್ತಿದ್ದೆವು. ಬರೆದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಡಿಸೆಂಬರ್ 20ಕ್ಕೆ ಬರುತ್ತೀಯಲ್ಲ, ದಪ್ಪ ಕಾಲುಚೀಲವನ್ನೂ ತಲೆಗೆ ಕಟ್ಟುವ ಟಾರ್ಚನ್ನೂ ತಾ, ನನ್ನದು ಒಂದೇ ಇದೆ. ಊಟ ಮುಗಿಸಿ ಸೇಬಿನ ಮರದ ಬಳಿ ಹೋಗೋಣ. ಅಲ್ಲಿಯವರೆಗಿನ ನಿನ್ನ ಸಾಲುಗಳನ್ನು ನೋಟ್‌ಬುಕ್ ಸಮೇತ ನೋಡುತ್ತೇನೆ, ಸೊನ್ನೆಗಳನ್ನೂ ಸೇರಿಸಿ.

ಇಂತಿ ನಿನ್ನ
ದೊಡ್ಡಮ್ಮ